ಅಂಕ ಕೊಡಬೇಕಾದ್ದು ಫೈಲಿಗಲ್ಲ, ಟಿಪ್ಪಣಿಗೆ

ಶಾಲೆಗಳಲ್ಲಿ ಇತಿಹಾಸದ ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರವಾದರೆ ಮತ್ತಿಕೆರೆಯ ಸ್ಟೇಷನರಿ ಅಂಗಡಿಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಚಿತ್ರದ ಚಾರ್ಟು, ಬಣ್ಣದ ಹಾಳೆ, ಫೈಲುಗಳಿಗೆ ಬೇಡಿಕೆ. ಜೆರಾಕ್ಸ್ ಅಂಗಡಿಯವರು ಮೊಬೈಲಿನಿಂದ ಬಂದದ್ದನ್ನು ಹಾಗೇ ಪ್ರಿಂಟ್ ತೆಗೆದು ಸ್ಪೈರಲ್ ಹಾಕಿ ಕೊಡುತ್ತಾರೆ. ಹತ್ತು ಪುಟದ ಆ ಫೈಲಿನಲ್ಲಿ ಎಲ್ಲವೂ ಇರುತ್ತದೆ, ಮಗು ಕೇಳಿದ ಒಂದು ಪ್ರಶ್ನೆಯ ಹೊರತು. ಇದಕ್ಕೆ ಮಕ್ಕಳನ್ನು ಬೈದು ಉಪಯೋಗವಿಲ್ಲ. ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20ರಲ್ಲಿ ಪ್ರಾಜೆಕ್ಟಿಗೆ ಬರುವ ಪಾಲನ್ನು ನಾವು ಫೈಲಿನ ಅಂದ ನೋಡಿ ಕೊಡುತ್ತಿದ್ದೇವೆ; ಮಕ್ಕಳು ಅಂದದ ಫೈಲನ್ನೇ ತರುತ್ತಿದ್ದಾರೆ. ಆ ಅಂಕಗಳಲ್ಲಿ ಅರ್ಧದಷ್ಟನ್ನಾದರೂ, ಫೈಲು ಸಿದ್ಧವಾಗುವ ಮೊದಲು ವಿದ್ಯಾರ್ಥಿ ತನ್ನ ಕೈಯಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿಗಳಿಗೆ ಕೊಡಬೇಕು ಎಂಬುದು ನನ್ನ ವಾದ.

ಟಿಪ್ಪಣಿಯಿಂದ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ, ಪಕ್ಕದ ಮಲ್ಲೇಶ್ವರವೇ ಸಾಕು. ಕಾಡು ಮಲ್ಲೇಶ್ವರ ದೇವಸ್ಥಾನವನ್ನು 17ನೇ ಶತಮಾನದಲ್ಲಿ ಶಿವಾಜಿಯ ಮಲಸಹೋದರ ವೆಂಕೋಜಿ ಕಟ್ಟಿಸಿದ ಎಂಬ ವಾಕ್ಯ ಅಂತರ್ಜಾಲದಲ್ಲಿ ಬೇಕಾದಷ್ಟು ಕಡೆ ಸಿಗುತ್ತದೆ. ಹಾಗೇ ಇಳಿಸಿಕೊಂಡ ಹುಡುಗನಿಗೆ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ‘ಇದು ನಮಗೆ ಹೇಗೆ ಗೊತ್ತು?’ ಎಂದು ಪಕ್ಕದಲ್ಲಿ ಬರೆದುಕೊಳ್ಳುವ ಅಭ್ಯಾಸವಿದ್ದ ಹುಡುಗಿ ಹುಡುಕುತ್ತಾ ಹೋಗಿ 1669ರ ಶಾಸನವನ್ನು ಮುಟ್ಟುತ್ತಾಳೆ. ಅದರಲ್ಲಿರುವುದು ಮೇದರನಿಂಗನಹಳ್ಳಿ ಎಂಬ ಊರನ್ನು ಈ ದೇವರಿಗೆ ದತ್ತಿ ಬಿಟ್ಟ ವಿಷಯ. ದತ್ತಿ ಬಿಡಬೇಕಾದರೆ ಅಲ್ಲಿ ದೇವರು ಮೊದಲೇ ಇರಬೇಕಲ್ಲ! ಅಂದಮೇಲೆ 1669 ಎನ್ನುವುದು ದಾನದ ವರ್ಷ. ಅದನ್ನೇ ಗುಡಿ ಕಟ್ಟಿದ ವರ್ಷವೆಂದು ಬರೆಯಲು ಆ ಶಾಸನ ಆಧಾರವಾಗುವುದಿಲ್ಲ. ಇನ್ನೊಂದು ಪ್ರಶ್ನೆಯೂ ತಾನಾಗಿ ಏಳುತ್ತದೆ: ಆ ಮೇದರನಿಂಗನಹಳ್ಳಿ ಇದ್ದದ್ದು ಎಲ್ಲಿ, ಈಗ ಅಲ್ಲಿ ಏನಿದೆ? ಹಳೆಯ ನಕ್ಷೆಗಳನ್ನು ಹರಡಿಕೊಂಡು ಕೂರಲು ಹದಿನೈದು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ನೋಟ್ಸ್ ಬರೆಸುವುದು ನಮ್ಮ ಶಾಲೆಗಳಲ್ಲಿ ಹಿಂದಿನಿಂದಲೂ ಇದೆ. ನೋಟ್ಸ್ ಮಾಡಿಕೊಳ್ಳುವುದನ್ನು ಕಲಿಸಿದ್ದು ಕಡಿಮೆ. ವಿಧಾನವೇನೂ ಬ್ರಹ್ಮವಿದ್ಯೆಯಲ್ಲ. ಒಂದು ಚೀಟಿಯಲ್ಲಿ ಒಂದೇ ಸಂಗತಿ. ಅದರ ಕೆಳಗೆ ಪುಸ್ತಕ, ಲೇಖಕ, ಪ್ರಕಟವಾದ ವರ್ಷ, ಪುಟ. ಪುಸ್ತಕದ ಮಾತನ್ನು ಹಾಗೇ ತೆಗೆದುಕೊಂಡಿದ್ದರೆ ಉದ್ಧರಣ ಚಿಹ್ನೆ, ಇಲ್ಲವಾದರೆ ಸ್ವಂತ ಮಾತು. ತನಗೆ ಬಂದ ಅನುಮಾನಕ್ಕೆ ಬೇರೆ ಬಣ್ಣದ ಶಾಯಿ. ಇದು ಎಲ್ಲಿಂದಲೋ ತಂದು ಹೇರುವ ಪದ್ಧತಿಯೂ ಅಲ್ಲ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳಾಗಿ 1970ರಿಂದ 1995ರವರೆಗೆ ಹೊರಬಂದದ್ದು ಇಂಥ ಚೀಟಿಗಳ ರಾಶಿಯಿಂದಲೇ: ಒಂದು ಪದ, ಅದು ಬಳಕೆಯಾದ ಸಾಲು, ಆ ಸಾಲು ಸಿಕ್ಕಿದ ಕಾವ್ಯ ಅಥವಾ ಶಾಸನ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಅಚ್ಚಾಯಿತು. ರಾಜರ ವಂಶಾವಳಿಗಾಗಿ ಮಾತ್ರ ಓದುತ್ತಿದ್ದ ಶಾಸನಗಳಿಂದ ಅವರು ಸಾಮಾನ್ಯ ಜನರ ಬದುಕು, ನಂಬಿಕೆ, ಆಚರಣೆಗಳನ್ನು ಹೆಕ್ಕಿ ಜೋಡಿಸಿದರು. ಸಾವಿರಾರು ಶಾಸನಗಳಲ್ಲಿ ಚದುರಿದ್ದನ್ನು ವಿಷಯವಾರು ವಿಂಗಡಿಸಿ ಇಟ್ಟುಕೊಳ್ಳದೆ ಅಂಥ ಪುಸ್ತಕ ಹುಟ್ಟುವುದಿಲ್ಲ.

ಆಕ್ಷೇಪಗಳಿವೆ. ಒಂದು ತರಗತಿಯಲ್ಲಿ ಐವತ್ತು ಅರವತ್ತು ಮಕ್ಕಳಿದ್ದು, ಜೊತೆಗೆ ಗಣತಿಯೋ ಚುನಾವಣೆಯೋ ಹೆಗಲೇರಿರುವಾಗ ಶಿಕ್ಷಕರು ಇಷ್ಟು ಚೀಟಿ ಓದುವುದು ಯಾವಾಗ ಎಂಬುದು ಮೊದಲನೆಯದು. ನ್ಯಾಯವಾದ ಮಾತು. ಆದರೆ ಅದೇ ಶಿಕ್ಷಕರು ಈಗ ಅರವತ್ತು ಫೈಲುಗಳನ್ನು ತಿರುವಿ ಸಹಿ ಹಾಕುತ್ತಲೇ ಇದ್ದಾರೆ. ಹತ್ತು ಪುಟದ ಫೈಲಿನ ಬದಲು ಎಂಟು ಚೀಟಿ, ಎರಡು ಪುಟದ ಬರಹ ಸಾಕೆಂದರೆ ಹೊರೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಎಂಟರಲ್ಲಿ ಎರಡು ಚೀಟಿ ಎತ್ತಿ ‘ಇದು ಎಲ್ಲಿ ಸಿಕ್ಕಿತು?’ ಎಂದು ಕೇಳಿದರೆ, ಮಗು ಓದಿದೆಯೋ ಇಲ್ಲವೋ ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಎರಡನೆಯದು, ಮೂಲ ಆಕರಗಳು ಮಕ್ಕಳಿಗೆ ನಿಲುಕುವುದಿಲ್ಲ, ಭಾಷೆ ಕಷ್ಟ ಎಂಬುದು. ಹಳಗನ್ನಡ ಕಷ್ಟವೇ, ಇಲ್ಲವೆನ್ನುವುದಿಲ್ಲ. ಆದರೆ ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಕನ್ನಡ ಪಾಠದ ಜೊತೆಗೆ ಇಂಗ್ಲಿಷ್ ಅನುವಾದವೂ ಇದೆ. ಅದು ಈಗ ಮೊಬೈಲಿನಲ್ಲೇ ತೆರೆದುಕೊಳ್ಳುತ್ತದೆ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದೆ. ಸುಮಾರು ಕ್ರಿ.ಶ. 750ರದೆಂದು ಹೇಳಲಾಗುವ ಹೆಬ್ಬಾಳದ ಕಿತ್ತಯ್ಯನ ಶಾಸನ ಬೆಳಕಿಗೆ ಬಂದದ್ದು 2018ರಲ್ಲಿ, ಮತ್ತಿಕೆರೆಗೆ ಕೂಗಳತೆ ಎನ್ನಬಹುದಾದಷ್ಟು ಹತ್ತಿರದಲ್ಲಿ. ರೈಸ್ ಅವರ ಸಂಪುಟದಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಆಕರದ ವರ್ಷವನ್ನು ಚೀಟಿಯಲ್ಲಿ ಯಾಕೆ ಬರೆಯಬೇಕು ಎಂಬುದನ್ನು ಶಿಕ್ಷಕರು ವಿವರಿಸುವ ಮೊದಲೇ ಈ ಒಂದು ಕಲ್ಲು ವಿವರಿಸಿಬಿಡುತ್ತದೆ.

ಕೇಳಿದ ತಕ್ಷಣ ಕೃತಕ ಬುದ್ಧಿಮತ್ತೆ ಪ್ರಬಂಧವನ್ನೇ ಬರೆದುಕೊಡುವಾಗ ಈ ಚೀಟಿಗಳ ಹಳೇ ಕಾಲದ ಗೋಜು ಏಕೆ ಎಂದು ಈಚೆಗೆ ಕೇಳುವವರಿದ್ದಾರೆ. ನನ್ನ ಪ್ರಕಾರ ಟಿಪ್ಪಣಿಯ ಪರವಾದ ಅತಿ ಗಟ್ಟಿ ಕಾರಣ ಅದೇ. ಸಿದ್ಧಪಡಿಸಿದ ಬರಹ ಯಾರದೆಂದು ಹೇಳುವುದು ಇನ್ನು ಮುಂದೆ ಯಾವ ಶಿಕ್ಷಕರಿಗೂ ಕಷ್ಟ. ವೆಂಕೋಜಿ ಗುಡಿ ಕಟ್ಟಿಸಿದ ಎಂಬ ವಾಕ್ಯವನ್ನು ಯಂತ್ರವೂ ಅಷ್ಟೇ ಧೈರ್ಯದಿಂದ ಒಪ್ಪಿಸಬಲ್ಲದು. ಅದನ್ನು ಆಧಾರದ ಮುಂದೆ ನಿಲ್ಲಿಸಿ ವಿಚಾರಿಸುವ ಕೆಲಸ ಮಾತ್ರ ಮಗುವಿನದೇ, ಆ ಕೆಲಸದ ಗುರುತು ಉಳಿಯುವುದು ಟಿಪ್ಪಣಿಯಲ್ಲಿ.

ಇದಕ್ಕೆ ಹೊಸ ಪಠ್ಯಪುಸ್ತಕ ಬೇಡ, ಹೊಸ ಅನುದಾನವೂ ಬೇಡ. ಪ್ರಾಜೆಕ್ಟಿನ ಅಂಕ ಹಂಚಿಕೆಯನ್ನು ಬದಲಿಸುವ ಒಂದು ಸುತ್ತೋಲೆ ಸಾಕು. ಬರುವ ಶೈಕ್ಷಣಿಕ ವರ್ಷ ಶುರುವಾಗುವ ಮೊದಲೇ ಶಿಕ್ಷಣ ಇಲಾಖೆ ಅದನ್ನು ಹೊರಡಿಸಲಿ.