ಪುಟ ಹಾಡಬೇಕೆ, ಕುಣಿಯಬೇಕೆ?

ಶಾಲೆಯ ವಿಜ್ಞಾನ ವಸ್ತುಪ್ರದರ್ಶನವೆಂದರೆ ಒಂದು ಕಾಲಕ್ಕೆ ರಟ್ಟು, ಥರ್ಮೊಕೋಲ್ ಮತ್ತು ಬಣ್ಣದ ಕಾಗದ. ಈಗ ಮಕ್ಕಳು ತಮ್ಮ ಯೋಜನೆಗೆಂದು ವೆಬ್‌ಸೈಟನ್ನೂ ತಯಾರಿಸುತ್ತಾರೆ. ಸಂತೋಷದ ಸಂಗತಿಯೇ. ಆದರೆ ಎಷ್ಟೋ ಬಾರಿ ಪುಟ ತೆರೆದೊಡನೆ ಹಿನ್ನೆಲೆಯಲ್ಲಿ ಸಂಗೀತ ಶುರುವಾಗುತ್ತದೆ. ಮೂಲೆಯಲ್ಲಿ ಭೂಗೋಳ ತಿರುಗುತ್ತದೆ, ಶೀರ್ಷಿಕೆ ಮಿಣಮಿಣ ಮಿನುಗುತ್ತದೆ. ಇವುಗಳ ನಡುವೆ ವಿಷಯವೆಲ್ಲಿದೆ ಎಂದು ಹುಡುಕಬೇಕು. ‘ಬರೀ ಅಕ್ಷರ ಹಾಕಿದರೆ ಯಾರು ಓದುತ್ತಾರೆ ಸಾರ್?’ ಎಂಬುದು ಮಕ್ಕಳ ವಾದ. ಪಾಲಕರದೂ ಬಹುಮಟ್ಟಿಗೆ ಅದೇ ವಾದ. ಆದ್ದರಿಂದ ವೆಬ್‌ಸೈಟಿಗೆ ಧ್ವನಿ, ವಿಡಿಯೋ, ಅನಿಮೇಷನ್ ಯಾವಾಗ ಬೇಕು, ಯಾವಾಗ ಬೇಡ ಎಂಬುದನ್ನು ಈ ವಾರ ನೋಡೋಣ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾವು ಹೇಳಹೊರಟ ವಿಷಯದಲ್ಲೇ ಶಬ್ದ ಅಥವಾ ಚಲನೆ ಇದೆಯೆ? ಕಂಚುಕುಟಿಗ ಹಕ್ಕಿ ‘ಟುಕ್ ಟುಕ್’ ಎನ್ನುತ್ತದೆ ಎಂದು ಎಷ್ಟು ಬರೆದರೂ ಅದನ್ನು ಕೇಳದವರಿಗೆ ತಿಳಿಯುವುದು ಅಷ್ಟಕ್ಕಷ್ಟೆ. ಹತ್ತು ಸೆಕೆಂಡಿನ ಧ್ವನಿಮುದ್ರಣ ಆ ಕೆಲಸ ಮಾಡುತ್ತದೆ. 2005ರಲ್ಲಿ ಆರಂಭವಾದ ಝೆನೊ-ಕ್ಯಾಂಟೊ ಎಂಬ ತಾಣ ಜಗತ್ತಿನ ಹಕ್ಕಿಗಳ ಕೂಗನ್ನು ಸಂಗ್ರಹಿಸಿ ಕೇಳಿಸುತ್ತದೆ. ಅಲ್ಲಿ ಧ್ವನಿಯೇ ಮಾಹಿತಿ. ಅದೇ ಕಂಚುಕುಟಿಗನ ಹಣೆಯ ಕೆಂಪು ಬಣ್ಣವನ್ನು ತೋರಿಸಲು ಒಂದು ಫೋಟೋ ಸಾಕು. ಹಿಂದೆ ಕೊಳಲು ನುಡಿಸಿದರೆ ಕೆಂಪು ಇನ್ನಷ್ಟು ಕೆಂಪಾಗುವುದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಏಕೆ?

ಚಲನೆಯ ವಿಚಾರ ತುಸು ಸೂಕ್ಷ್ಮ. ಚಲಿಸುವ ವಸ್ತುವನ್ನು ವಿವರಿಸಲು ಚಲಿಸುವ ಚಿತ್ರವೇ ಬೇಕು ಎನ್ನಿಸುವುದು ಸಹಜ. ಆದರೆ ಓಡುವ ಕುದುರೆಯನ್ನು ಮನುಷ್ಯ ಸಾವಿರಾರು ವರ್ಷ ನೋಡಿಯೂ, ಅದರ ನಾಲ್ಕೂ ಗೊರಸುಗಳು ಒಮ್ಮೆಲೇ ನೆಲ ಬಿಡುತ್ತವೆಯೆ ಎಂಬ ಚರ್ಚೆ ಮುಗಿದಿರಲಿಲ್ಲ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ 12 ಕ್ಯಾಮೆರಾಗಳನ್ನು ಸಾಲಾಗಿಟ್ಟು ಓಡುವ ಕುದುರೆಯ ಚಿತ್ರ ತೆಗೆದ. ನಾಲ್ಕೂ ಗೊರಸುಗಳು ನೆಲ ಬಿಡುತ್ತವೆ, ಅದೂ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಾಗ ಎಂದು ಆಗ ಕಂಡಿತು. ವೇಗದಲ್ಲಿ ಅಡಗಿದ್ದ ಸತ್ಯವನ್ನು ತೋರಿಸಿದ್ದು ಸ್ಥಿರಚಿತ್ರಗಳು!

ಮನಶ್ಶಾಸ್ತ್ರಜ್ಞೆ ಬಾರ್ಬರಾ ಟ್ವರ್ಸ್ಕಿ ಮತ್ತು ಸಂಗಡಿಗರು 2002ರಲ್ಲಿ ಹಲವು ಅಧ್ಯಯನಗಳನ್ನು ಪರಿಶೀಲಿಸಿ ಇದಕ್ಕೆ ಹತ್ತಿರದ ಮಾತನ್ನೇ ಹೇಳಿದರು. ಅನಿಮೇಷನ್ ಅನೇಕ ವೇಳೆ ತೀರ ಜಟಿಲ, ತೀರ ವೇಗ; ಕಣ್ಣಿಗೆ ನಿಲ್ಲುವ ಮೊದಲೇ ಸರಿದುಹೋಗುತ್ತದೆ. ಹೀಗಾಗಿ ಹೃದಯದ ಕವಾಟಗಳು ತೆರೆದು ಮುಚ್ಚುವುದನ್ನು ತೋರಿಸಲು ಸಂಖ್ಯೆ ಹಾಕಿದ ನಾಲ್ಕು ಚಿತ್ರಗಳೇ ಮೇಲಾಗಬಹುದು. ಅನಿಮೇಷನ್ ಬಳಸುವುದಾದರೆ, ನೋಡುವವರು ಅದನ್ನು ನಿಲ್ಲಿಸಲು, ಹಿಂದಕ್ಕೆ ಒಯ್ಯಲು ಅವಕಾಶವಿರಲಿ. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭವಾದ ‘ಫೆಟ್’ ತಾಣದ ಲೋಲಕವನ್ನು ನೋಡಿ. ಅದರ ದಾರದ ಉದ್ದವನ್ನು ವಿದ್ಯಾರ್ಥಿಯೇ ಬದಲಿಸಿ ಆಂದೋಲನದ ಕಾಲವನ್ನು ಅಳೆಯಬಹುದು. ಅಲ್ಲಿ ಚಲನೆಗೆ ಅರ್ಥವಿದೆ.

ಎರಡನೆಯ ಪ್ರಶ್ನೆ, ಕಡತದ ಭಾರ ಎಷ್ಟು? ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಈ ಅಂಕಣದಷ್ಟು ಬರಹಕ್ಕೆ ಸುಮಾರು 15 ಕಿಲೋಬೈಟ್ ಎನ್ನಿ. ಸೆಕೆಂಡಿಗೆ 128 ಕಿಲೋಬಿಟ್ ದರದಲ್ಲಿ ಒಂದು ನಿಮಿಷದ ಧ್ವನಿಗೆ 128×60÷8, ಅಂದರೆ 960 ಕಿಲೋಬೈಟ್. ಸೆಕೆಂಡಿಗೆ 1,000 ಕಿಲೋಬಿಟ್ ದರದಲ್ಲಿ ಒಂದು ನಿಮಿಷದ ವಿಡಿಯೋಗೆ 7,500 ಕಿಲೋಬೈಟ್. ಇಂಥ 500 ಅಂಕಣಗಳಷ್ಟು! ಮನೆಗೆಲ್ಲ ಒಂದೇ ಮೊಬೈಲು, ಅದೂ ಅಪ್ಪ ಕೆಲಸದಿಂದ ಬಂದ ಮೇಲೆ ಕೈಗೆ ಸಿಗುವ ಸಹಪಾಠಿಯನ್ನು ನೆನೆಯಿರಿ. ನಿಮ್ಮ ಅಲಂಕಾರದ ಖರ್ಚು ಬೀಳುವುದು ಆ ಮನೆಯ ಡೇಟಾದ ಮೇಲೆ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಇದರಿಂದ ಯಾರು ಹೊರಗುಳಿಯುತ್ತಾರೆ? ಕಿವಿ ಕೇಳದ ಮಗುವಿಗೆ ವಿಡಿಯೋದ ಮಾತು ಅಕ್ಷರದಲ್ಲಿ ಬೇಕು. ಕಣ್ಣು ಕಾಣದ ವಿದ್ಯಾರ್ಥಿ ಪುಟವನ್ನು ಓದಿ ಹೇಳುವ ತಂತ್ರಾಂಶವನ್ನು ನಂಬಿರುತ್ತಾನೆ. ತಾನಾಗಿ ಮೊಳಗುವ ಸಂಗೀತದಲ್ಲಿ ಆ ಧ್ವನಿ ಮುಳುಗಿಹೋಗುತ್ತದೆ. ಮಿನುಗುವ ಚಿತ್ರಗಳಂತೂ ಕೆಲವರಿಗೆ ಅಪಾಯಕಾರಿ. 2007ರ ಜೂನ್‌ನಲ್ಲಿ ಲಂಡನ್ ಒಲಿಂಪಿಕ್ಸ್‌ನ ಹೊಸ ಲಾಂಛನದ ಅನಿಮೇಷನ್ ನೋಡಿ ಕೆಲವರಿಗೆ ಮೂರ್ಛೆ ಬಂದಿತೆಂಬ ದೂರುಗಳು ಬಂದವು. ಸಂಘಟಕರು ಆ ಭಾಗವನ್ನು ತಮ್ಮ ತಾಣದಿಂದ ತೆಗೆಯಬೇಕಾಯಿತು. ದೊಡ್ಡ ಸಂಸ್ಥೆಗಳಿಗೇ ಹೀಗಾಗುವುದಾದರೆ ನಾವು ಎಚ್ಚರ ವಹಿಸುವುದು ಒಳಿತು.

2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿಯಲ್ಲಿ ಇದಕ್ಕೆ ಸರಳ ಅಳತೆಗಳಿವೆ. ಯಾವುದೂ ಸೆಕೆಂಡಿಗೆ 3 ಬಾರಿಗಿಂತ ಹೆಚ್ಚು ಮಿನುಗಬಾರದು. ತಾನಾಗಿ ಶುರುವಾಗುವ ಧ್ವನಿ 3 ಸೆಕೆಂಡಿಗಿಂತ ಹೆಚ್ಚು ಇದ್ದರೆ ನಿಲ್ಲಿಸುವ ಗುಂಡಿ ಬೇಕು. ಬರಹದ ಪಕ್ಕದಲ್ಲಿ ತಾನಾಗಿ ಚಲಿಸತೊಡಗುವ ಚಿತ್ರ 5 ಸೆಕೆಂಡು ಮೀರಿದರೆ ಅದಕ್ಕೂ ಗುಂಡಿ ಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಪುಟ ಸಿದ್ಧವಾದ ಮೇಲೆ ಒಂದು ಪ್ರಯೋಗ ಮಾಡಿ. ಧ್ವನಿ, ವಿಡಿಯೋ, ಅನಿಮೇಷನ್‌ಗಳನ್ನು ಒಂದೊಂದಾಗಿ ತೆಗೆದು, ಪ್ರತಿ ಸಲವೂ ಪುಟವನ್ನು ಹೊಸಬರೊಬ್ಬರಿಗೆ ಓದಲು ಕೊಡಿ. ಅವರಿಗೆ ಅರ್ಥವಾಗುವುದರಲ್ಲಿ ಏನೂ ಕಡಿಮೆಯಾಗದಿದ್ದರೆ ತೆಗೆದದ್ದನ್ನು ಮತ್ತೆ ಸೇರಿಸಬೇಡಿ. ಪಾಲಕರೇ, ಮಗ ಅಥವಾ ಮಗಳು ತಾವು ಮಾಡಿದ ಪುಟ ತೋರಿಸಿದಾಗ ‘ಎಷ್ಟು ಚೆನ್ನಾಗಿ ತಿರುಗುತ್ತದೆ!’ ಎನ್ನುವ ಮೊದಲು, ‘ಇದು ಏಕೆ ತಿರುಗುತ್ತದೆ?’ ಎಂದು ಕೇಳಿ. ಉತ್ತರ ಬಂದರೆ ಶಹಬ್ಬಾಸ್ ಎನ್ನಿ.