ನೇತ್ರಾಣಿಗೆ ಹೋಗಿ, ಆದರೆ ಹೀಗಲ್ಲ

ಈಗೀಗ ನಮ್ಮ ಬಾದಾಮಿ ಕಡೆ ಹುಡುಗರ ಮೊಬೈಲಿನಲ್ಲೆಲ್ಲ ಒಂದೇ ಥರದ ವಿಡಿಯೋ. ಕಪ್ಪು ರಬ್ಬರ್ ಅಂಗಿ, ಬೆನ್ನಿಗೆ ಸಿಲಿಂಡರು, ಬಾಯಲ್ಲಿ ನಳಿಗೆ, ಸುತ್ತ ನಾಲ್ಕು ಮೀನು... 2022ರ ಅಕ್ಟೋಬರಿನಲ್ಲಿ ‘ಗಂಧದ ಗುಡಿ’ ಬಂತಲ್ಲ, ಅದರಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯಲ್ಲಿ ಕಡಲಿಗಿಳಿದದ್ದನ್ನು ನೋಡಿದ ಮೇಲಂತೂ ಬನಶಂಕರಿಯಿಂದಲೂ ಗಾಡಿ ಮಾಡಿಕೊಂಡು ಮುರುಡೇಶ್ವರಕ್ಕೆ ಹೊರಡುವವರಿದ್ದಾರೆ. ನಾನೂ ಹೋಗಿ ಬಂದೆ. ಹೋಗಬೇಡಿ ಅಂತ ಹೇಳೋಕೆ ಇದನ್ನು ಬರೆಯುತ್ತಿಲ್ಲ. ಆದರೆ ನಾವು ಹೋಗುತ್ತಿರುವ ರೀತಿ ನನಗೆ ಸರಿ ಕಾಣಲಿಲ್ಲ.

“ಅಲ್ಲೋ ತಮ್ಮಾ, ನಮ್ಮ ಹೊಂಡದಾಗ ಇಲ್ಲದ್ದು ಆ ಉಪ್ಪನೀರಾಗ ಏನೈತೋ?” ಅಂದ್ರು ನಮ್ಮ ಕಾಕಾ. ಗುಡಿ ಮುಂದಿನ ಹರಿದ್ರಾ ತೀರ್ಥ ಬಿಟ್ಟರೆ ಅವರಿಗೆ ನೀರೆಂದರೆ ಮಲಪ್ರಭೆ. ಆ ಮಲಪ್ರಭೆಯೋ, ಕಣಕುಂಬಿಯಲ್ಲಿ ಹುಟ್ಟಿ, ಹತ್ತಿರದ ಅರಬ್ಬಿ ಸಮುದ್ರಕ್ಕೆ ಬೆನ್ನು ತಿರುಗಿಸಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುವವಳು! ಪಡುವಣ ಕಡಲಿನ ಪರಿಚಯ ನಮಗಾದರೂ ಎಲ್ಲಿಂದ ಬರಬೇಕು?

ಕಾಕಾನಿಗೆ ನಾನು ಕೊಟ್ಟ ಉತ್ತರವನ್ನೇ ಇಲ್ಲೂ ಬರೆಯುತ್ತೇನೆ. ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಇದೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಮೇಲೆ ಕಾಡು, ಬಿಳಿ ಹೊಟ್ಟೆಯ ಕಡಲ ಹದ್ದಿನ ಗೂಡುಗಳು. ಕೆಳಗೆ ಬಂಡೆಗಳಿಗೆ ಅಂಟಿಕೊಂಡ ಹವಳ. ಚಿಟ್ಟೆ ಮೀನು ಜೋಡಿ ಜೋಡಿಯಾಗಿ ಓಡಾಡುತ್ತವೆ. ಬಂಡೆಯ ಸಂದಿನಿಂದ ಹಾವಿನಂಥ ಮೊರೆ ಈಲ್ ಬಾಯಿ ತೆರೆದು ಮುಚ್ಚುತ್ತಿರುತ್ತದೆ, ಸಿಟ್ಟಿನಿಂದಲ್ಲ, ಉಸಿರಾಡೋಕೆ. ಗಿಳಿಮೀನು ಹವಳದ ಕಲ್ಲನ್ನು ಕಟಕಟ ಕಡಿದು, ಪುಡಿ ಮಾಡಿ, ಮರಳಾಗಿ ಹೊರಹಾಕುತ್ತದೆ. ನೀರೊಳಗೆ ಆ ಕಟಕಟ ಕಿವಿಗೆ ಕೇಳಿಸುತ್ತದೆ ಕೂಡ! ಅದೃಷ್ಟ ಇದ್ದವರಿಗೆ ತಿಮಿಂಗಿಲ ಶಾರ್ಕ್ ಕಂಡದ್ದೂ ಉಂಟು. ಕರ್ನಾಟಕದಲ್ಲಿ ಇಂಥ ಜಾಗ ಬೇರೆ ಎಷ್ಟಿವೆ ಹೇಳಿ? ಲಕ್ಷದ್ವೀಪಕ್ಕೋ ಅಂಡಮಾನಿಗೋ ಹೋಗುವ ಶಕ್ತಿ ನಮ್ಮಂಥವರಲ್ಲಿ ಎಷ್ಟು ಜನಕ್ಕಿದೆ?

(ಅಂದ ಹಾಗೆ, ಆ ಸಿಲಿಂಡರಿನಲ್ಲಿರೋದು ಆಕ್ಸಿಜನ್ ಅಲ್ಲ ಮಾರಾಯ್ರೇ, ಒತ್ತಿ ತುಂಬಿದ ಬರೀ ಗಾಳಿ. ಹೆಬ್ಬೆರಳು ಎತ್ತಿ ತೋರಿಸಿದರೆ ‘ಚೆನ್ನಾಗಿದೆ’ ಅಂತಲೂ ಅಲ್ಲ, ‘ಮೇಲೆ ಕರಕೊಂಡು ಹೋಗಿ’ ಅಂತ. ನಮ್ಮ ಜೊತೆ ಬಂದವನೊಬ್ಬ ಖುಷಿಗೆ ಹೆಬ್ಬೆರಳು ಎತ್ತಿದ್ದೇ ಎತ್ತಿದ್ದು. ಪಾಪ, ಕೆಳಗೆ ನಿಂತದ್ದು ಎರಡೇ ನಿಮಿಷ!)

ಈಗ ನನ್ನ ತಕರಾರಿಗೆ ಬರುತ್ತೇನೆ. ನಾನು ಹೋದ ದಿನ ಒಂದೇ ಮೂಲೆಯಲ್ಲಿ ಐದಾರು ದೋಣಿ, ನೀರೊಳಗೆ ಬನದ ಹುಣ್ಣಿಮೆ ತೇರಿನ ಗದ್ದಲ. ದೋಣಿಯಲ್ಲಿ ಉಸಿರಾಟ ಹೇಗೆ, ಕಿವಿ ನೋವು ಬಂದರೆ ಏನು ಅಂತ ಚೆನ್ನಾಗಿಯೇ ಹೇಳಿಕೊಟ್ಟರು. ಆದರೆ ಕೆಳಗೆ ಏನಿದೆ ಅನ್ನೋದರ ಬಗ್ಗೆ ಒಂದು ಮಾತಿಲ್ಲ. ಒಬ್ಬ ಹುಡುಗ ಹವಳವನ್ನು ಹಿಡಿದುಕೊಂಡು ಕ್ಯಾಮೆರಾಕ್ಕೆ ನಿಂತ. ಯಾರೂ ಕೈ ಬಿಡಿಸಲಿಲ್ಲ. ಕಲ್ಲು ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಜೊತೆಯಲ್ಲೇ. ಹುಲಿಯ ಮೀಸೆ ಹಿಡಿದು ಯಾರಾದರೂ ಫೋಟೋ ತೆಗೆಸಿಕೊಳ್ತಾರಾ?

ಬಾದಾಮಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೇಶ ಕೊರೆಸಿದ, ಅಂದರೆ ಕ್ರಿ.ಶ. 578ರ ಗುಹೆ ಇರುವ ಬೆಟ್ಟದಲ್ಲಿ ಪ್ರೇಮಿಗಳ ಹೆಸರು ಕೆತ್ತಿದ್ದನ್ನು ನೋಡಿಯೇ ಬೆಳೆದವರು ನಾವು. ಆದರೂ ಮರಳುಗಲ್ಲು ಹೇಗೋ ತಡಕೊಂಡಿದೆ. ಹವಳ ಜೀವಂತ, ಸೂಜಿ ಮೊನೆಯಂಥ ಜೀವಿಗಳು ಸೇರಿ ಕಟ್ಟಿದ್ದು. ಗುಂಡುಗಲ್ಲಿನಂಥ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ನೀರು ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ, ತನಗೆ ಅನ್ನ ಹಾಕುವ ಪಾಚಿಯನ್ನೇ ಹೊರದೂಡಿ ಬಿಳುಚಿಬಿಡುತ್ತದೆ. 2024ರಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಇದೇ. ಆ ಬಿಸಿ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿ ಹಿಡಿಯೋದು, ಕಾಲಲ್ಲಿ ಒದೆಯೋದು, ಲಂಗರು ಎಳೆಯೋದು ನಮ್ಮದೇ ತಾನೇ?

ಡೈವಿಂಗ್ ನಿಲ್ಲಿಸಿ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ನೌಕಾಪಡೆ ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ ಅದು. ಆಗ ಬೇಡ ಅಂತ ದನಿ ಎತ್ತಿದವರು ಅಲ್ಲಿನ ಜೀವಗಳನ್ನು ಬಲ್ಲವರು. ಯಾರೂ ನೋಡದ ಜಾಗದ ಪರ ಮಾತಾಡೋಕೆ ಯಾರೂ ಇರೋದಿಲ್ಲ.

ಹಾಗಾಗಿ ನಾನು ಕೇಳೋದು ಇಷ್ಟೇ. ದಿನಕ್ಕೆ ಇಷ್ಟೇ ಜನ ಅಂತ ಕಟ್ಟುನಿಟ್ಟಾಗಿರಲಿ. ಲಂಗರು ಬೇಡ, ಕಾಯಂ ತೇಲುಬುರುಡೆಗೆ ದೋಣಿ ಕಟ್ಟಲಿ. ಹೊರಡುವ ಮುನ್ನ ಅರ್ಧ ಗಂಟೆ, ಕನ್ನಡದಲ್ಲೇ, ಅಲ್ಲಿನ ಮೀನುಗಾರರೊಬ್ಬರನ್ನು ಕೂರಿಸಿ ಮೀನುಗಳ ಹೆಸರು ಹೇಳಿಸಲಿ. ಇದಕ್ಕೆ ನೂರು ರೂಪಾಯಿ ಹೆಚ್ಚು ತಗೊಂಡರೆ ನಾನಂತೂ ಕೊಡ್ತೀನಿ. ಮಳೆಗಾಲ ಮುಗಿದು ಅಕ್ಟೋಬರ್ ಹೊತ್ತಿಗೆ ದೋಣಿಗಳು ಮತ್ತೆ ಹೊರಡುತ್ತವೆ. ಆಗ ಬುಕ್ ಮಾಡುವವರು ವಿಡಿಯೋ ಎಷ್ಟು ನಿಮಿಷ ಕೊಡ್ತೀರಿ ಅಂತ ಕೇಳುವ ಮೊದಲು, ದೋಣಿ ಎಲ್ಲಿ, ಯಾವುದಕ್ಕೆ ಕಟ್ತೀರಿ ಅಂತ ಒಂದು ಮಾತು ಕೇಳಿ. ಏನು ಉತ್ತರ ಬಂತು ಅಂತ ನನಗೂ ತಿಳಿಸಿ.