ಸುಳ್ಳದ ಹೆಸರು, ಸರ್ಕಾರದ ಸಕ್ಕರೆ

ಡಯಟ್ ಪಂಡಿತರಿಗೆ ಕಾರ್ಬೋಹೈಡ್ರೇಟ್ ಎಂದರೆ ವಿಷ. ಸಿರಿಧಾನ್ಯದ ಭಕ್ತರದು ಇನ್ನೊಂದು ವರಸೆ: ಅಕ್ಕಿ ಬಿಟ್ಟು ಜೋಳ ಹಿಡಿದರೆ ಸಕ್ಕರೆ ಕಾಯಿಲೆ ಊರು ಬಿಟ್ಟು ಓಡುತ್ತದಂತೆ. ಹುಬ್ಬಳ್ಳಿ ತಾಲ್ಲೂಕಿನ ಸುಳ್ಳದಂಥ ಎರೆಹೊಲದ ಊರಲ್ಲಿ ಈ ಎರಡು ಮಾತೂ ನಿಲ್ಲುವುದಿಲ್ಲ.

100 ಗ್ರಾಂ ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ 78 ಗ್ರಾಂ ಆಸುಪಾಸು, ಜೋಳದಲ್ಲಿ 70ರ ಹತ್ತಿರ. ನಾರು ಜೋಳದಲ್ಲಿ ಹೆಚ್ಚು, ನಿಜ. ಆದರೂ 2025ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಮಧುಮೇಹ ಅಧ್ಯಯನ ಪಂಡಿತರಿಗೂ ಭಕ್ತರಿಗೂ ಇರುಸುಮುರುಸು ತರುವಂಥದ್ದು. ಅದರ ಪ್ರಕಾರ ನಮ್ಮ ಕ್ಯಾಲೊರಿಯಲ್ಲಿ ಶೇ 62 ಕಾರ್ಬೋಹೈಡ್ರೇಟಿನದೇ. ಒಟ್ಟು ಪ್ರಮಾಣ ಇಳಿಸದೆ ಅಕ್ಕಿಯ ಜಾಗಕ್ಕೆ ಗೋಧಿ, ಸಿರಿಧಾನ್ಯದ ಹಿಟ್ಟು ತಂದರೆ ಮಧುಮೇಹದ ಅಪಾಯ ತಗ್ಗುವುದು ಕಾಣಲಿಲ್ಲ. ಬೇಳೆಕಾಳು, ಹಾಲು-ಮೊಸರಿನ ಪ್ರೋಟೀನ್ ಸ್ವಲ್ಪ ಜಾಗ ಪಡೆದಾಗ ಲಾಭ ಕಂಡಿತು.

ಹಾಗಾದರೆ ನಮ್ಮ ಅಜ್ಜಂದಿರು ಜೋಳ ತಿಂದು ಗಟ್ಟಿಯಾಗಿದ್ದದ್ದು? ಹೊಲದ ದುಡಿತ ಒಂದು ಕಾರಣ. ಇನ್ನೊಂದು ತಾಟಿನಲ್ಲೇ ಇತ್ತು. ಬಿಸಿ ರೊಟ್ಟಿ ಮುರಿದು, ಆ ತುಂಡಿನಿಂದಲೇ ಪಲ್ಯ ಎತ್ತಬೇಕು. ಪ್ರತಿ ತುತ್ತಿಗೂ ಹೆಸರುಕಾಳೋ ಮಡಕಿಕಾಳೋ ತಾನಾಗಿ ಬರುತ್ತದೆ. ಬದಿಗೆ ಗುರೆಳ್ಳು ಚಟ್ನಿ, ಹಸಿ ಮೆಂತ್ಯೆ, ಮೊಸರು. ಅನ್ನಕ್ಕೆ ಈ ಹಂಗಿಲ್ಲ, ತಿಳಿಸಾರು ಹೊಯ್ದರೆ ಇಳಿದುಹೋಗುತ್ತದೆ. ರೇಷನ್ನಿನ ಪುಕ್ಕಟೆ ಅಕ್ಕಿ ಬಂದ ಮೇಲೆ ರೊಟ್ಟಿಯಷ್ಟೇ ಕಡಿಮೆಯಾಗಲಿಲ್ಲ, ಕಾಳೂ ಹಿಂದೆ ಸರಿಯಿತು.

2013ರಲ್ಲಿ ಶುರುವಾದ ಅನ್ನಭಾಗ್ಯವನ್ನು ನಾನು ಹಳಿಯುವುದಿಲ್ಲ, ಹಸಿವು ನೀಗಿಸಿದ ಯೋಜನೆ ಅದು. ಆದರೆ ತಿಂಗಳಿಗೆ ತಲೆಗೆ 10 ಕೆಜಿ ಎಂದರೆ ದಿನಕ್ಕೆ 330 ಗ್ರಾಂ ಅಕ್ಕಿ. ಕಾರ್ಬೋಹೈಡ್ರೇಟ್ ಸುಮಾರು 250 ಗ್ರಾಂ, ಪ್ರೋಟೀನ್ 25 ಗ್ರಾಂ. ಅಕ್ಟೋಬರ್ 2025ರಲ್ಲಿ ರಾಜ್ಯ ಸಚಿವ ಸಂಪುಟ ಅದರಲ್ಲಿನ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಇಂದಿರಾ ಆಹಾರ ಕಿಟ್ ಒಪ್ಪಿದಾಗ ನನಗೆ ಖುಷಿಯಾಗಿತ್ತು. ಆಗ ಪಟ್ಟಿಯಲ್ಲಿದ್ದ ತೊಗರಿ, ಹೆಸರು, ಎಣ್ಣೆ, ಉಪ್ಪು ಎಲ್ಲ ಸರಿ. ಸಕ್ಕರೆ ಯಾಕೆ? ಬಡವರು ಚಹಾ ಕುಡಿಯಬಾರದೇ ಎನ್ನುತ್ತೀರಿ. ಕುಡಿಯಲಿ, ನಾನೂ ದಿನಕ್ಕೆ ಮೂರು ಸಲ ಕುಡಿಯುವವನೇ. ಆದರೆ ಅದನ್ನು ಪೌಷ್ಟಿಕತೆಯ ಲೆಕ್ಕಕ್ಕೆ ಬರೆಯಬೇಡಿ.

ಆ ಸಕ್ಕರೆಯ ದುಡ್ಡಿನಲ್ಲಿ ಹೆಸರು ಕೊಳ್ಳಿ. ಧಾರವಾಡ ಜಿಲ್ಲೆಯ ಮುಂಗಾರಿನ ಬೆಳೆಯೇ ಅದು. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 8,768 ರೂಪಾಯಿ ಇತ್ತು. ಖರೀದಿ ಕೇಂದ್ರ ತೆರೆಯುವವರೆಗೆ ಕಾಯಲಾಗದ ರೈತ ಸಿಕ್ಕ ರೇಟಿಗೆ ಅಮರಗೋಳದ ಎಪಿಎಂಸಿಯಲ್ಲಿ ಮಾಲು ಸುರಿದು ಬರುತ್ತಾನೆ. ಸುಳ್ಳದ ರೇಷನ್ ಅಂಗಡಿಗೆ ಸುಳ್ಳದ ಹೊಲದ ಹೆಸರು ಬರಲು ಎಷ್ಟು ಮೈಲಿ ನಡೆಯಬೇಕು?